ಯಾವ ವಲೇರಿಯನ್ ಅಸಲಿ?

ಮನುಕುಲದ ಅಳಿವು-ಉಳಿವಿನ ಪ್ರಶ್ನೆಯೊಂದು ಭಾನುವಾರ ಮಂಗಳೂರಿನಲ್ಲಿ ಇತ್ಯರ್ಥವಾಯಿತು: ‘ಉಪ್ಪುಗಾಳಿ’ ರಾಕ್ ಬ್ಯಾಂಡಿನ ಹೊಸ ಹಾಡುಗಳು ಯಾಕಿಷ್ಟು ಸಪ್ಪೆ? ಆಫೀಸಿಗೆ ತಮ್ಮ ಬದಲು ತಮ್ಮ ತದ್ರೂಪಿಯನ್ನು ಕಳಿಸುವುದು ಈಗ ಎಲ್ಲರಿಗೂ ಮಾಮೂಲು. ಗಾಯಕ ವಲೇರಿಯನ್ ಹಾಡಲಿಕ್ಕೂ ಕಳಿಸುತ್ತಿದ್ದಾನೆಂದು ಅಭಿಮಾನಿ ಸಂಘಕ್ಕೆ ಗುಮಾನಿ. ನಿಯಮದಂತೆ ಅವನನ್ನೂ ತದ್ರೂಪಿಯನ್ನೂ ವೇದಿಕೆಗೆ ಕರೆಸಿದರು. ಸಂಘ ಒಪ್ಪಿದವನಿಗೇ ಬ್ಯಾಂಡು.

ಮೊದಲನೆಯವನು ಹಳೆಯ ಹಾಡನ್ನು ಮೂವತ್ತು ವರ್ಷದ ಹಿಂದಿನಂತೆಯೇ ಅರಚಿದ. ಎರಡನೆಯವನು ಮಂಡಿನೋವಿನ ಬಗ್ಗೆ ಹೊಸದೊಂದನ್ನು ಹಾಡಿದ.

“ನಮ್ಮ ವಲೇರಿಗೆ ಮಂಡಿನೋವಾ? ಇವನೇ ಡೂಪ್ಲಿಕೇಟ್ ಮಾರಾಯ್ರೆ!” ಎಂದರು ಅಧ್ಯಕ್ಷ ಯಾದವ ಕೋಟ್ಯಾನ್, ಕುರ್ಚಿ ಹಿಡಿದು ನಿಧಾನವಾಗಿ ಏಳುತ್ತ.

“ನನಗೂ ಅರವತ್ತಾಯ್ತಲ್ಲ ಮಾರಾಯ. ನಿನ್ನ ಮದುವೆಯಲ್ಲಿ ಪುಕ್ಕಟೆ ಹಾಡಿದ್ದು ಯಾರು, ನಾನಲ್ವಾ?” ಎಂದ ಎರಡನೆಯವನು.

“ಅದನ್ನೂ ಯಾರೋ ಹೇಳಿಕೊಟ್ಟದ್ದು.”

ಮತಕ್ಕೆ ಸಂಘದವರ ಕೈ ಎತ್ತಿಸಿದರು. ತದ್ರೂಪಿ ಗೆದ್ದಿತು. ವಲೇರಿಯನ್‌ನನ್ನು ಬ್ಯಾಂಡಿನಿಂದ ತೆಗೆದುಹಾಕಲಾಯಿತು.