ಸೀಸೆಯಲ್ಲಿ ಬಂದ ಸ್ಟ್ರೈಕರ್

ಫುಟ್‌ಬಾಲ್ ಫೈನಲ್ ಶುರುವಾಗುವ ಮುನ್ನ ಎದುರಾಳಿ ಹುಡುಗಿಯರು ಸಾಲಾಗಿ ಕೂತು ಕಿವಿಗೆ ಕ್ಷಣದಲ್ಲೇ ಆಟ ಕಲಿಸುವ ಹನಿ ಬಿಡಿಸಿಕೊಳ್ಳುತ್ತಿದ್ದರು. ಅವರ ತಂಡದ ಮಾಲೀಕ ದೊರೈರಾಜ್, ಗೋಲು ಹೊಡೆಯುವುದರಲ್ಲಿ ಹೆಸರಾಂತ ಸ್ಟ್ರೈಕರ್ ಒಬ್ಬಳ ಆಟವನ್ನೇ ಹನ್ನೊಂದು ಮಂದಿಗೂ ಸೀಸೆಯಲ್ಲಿ ಕೊಂಡು ತಂದಿದ್ದ.

“ಏನ್ ಮೇಡಂ, ವರ್ಷಗಟ್ಲೆ ಈ ಮಕ್ಳಿಗೆ ಪಾಸ್ ಕೊಡೋದನ್ನೇ ಕಲಿಸ್ತಿದ್ದೀರಲ್ಲ!” ಎಂದು ಅವನು ಕೋಚ್ ಸಗಾಯಮೇರಿಯನ್ನು ಕಿಚಾಯಿಸಿದ.

ಈ ಸಲ ಸೋತರೆ ಗೌತಮಪುರದ ಅವಳ ತರಬೇತಿ ಶಾಲೆ ಮುಚ್ಚಬೇಕಾಗುತ್ತಿತ್ತು.

ಸೀಟಿ ಊದಿದ್ದೇ ತಡ, ಗೋಲ್‌ಕೀಪರೂ ಸೇರಿದಂತೆ ಹನ್ನೊಂದು ಸ್ಟ್ರೈಕರ್‌ಗಳೂ ಚೆಂಡಿಗೆ ಮುಗಿಬಿದ್ದು ತಮ್ಮತಮ್ಮಲ್ಲೇ ಕಿತ್ತಾಡತೊಡಗಿದರು. ಸಗಾಯಮೇರಿಯ ಹುಡುಗಿಯರು ಜಾರಿಬಂದ ಚೆಂಡನ್ನು ಒಬ್ಬರಿಗೊಬ್ಬರು ದಾಟಿಸುತ್ತ ಖಾಲಿ ಗೋಲಿಗೆ ಮತ್ತೆ ಮತ್ತೆ ಹೊಡೆದರು.

ಪಂದ್ಯ ಮುಗಿದಾಗ ದೊರೈರಾಜ್ ಮೆಲ್ಲಗೆ ಬಂದು ಕೇಳಿದ: “ಮೇಡಂ, ಈ ಆಟ ಎಲ್ಲಿ ಸಿಗುತ್ತೆ?”

“ಇಲ್ಲೇ ಸಾರ್, ಬೆಳಗ್ಗೆ ಆರು ಗಂಟೆಗೆ.”

ಮರುದಿನ ಅವನು ನಿಜಕ್ಕೂ ಹೊಸ ಬೂಟು ತೊಟ್ಟು ಬಂದ. ಸಗಾಯಮೇರಿ ನಗು ನುಂಗಿಕೊಂಡು ಅವನನ್ನು ಒಂದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದಳು.