ಹೆಸರಿನ ಜಾಗ

ಹಾಡಿನಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಶಾಂಭವಿ ಹಾಡುವುದನ್ನು ನಿಲ್ಲಿಸಿಬಿಟ್ಟಳು. ಬೆರಳುಗಳು ಮಾತ್ರ ಗಿಟಾರಿನ ಮೇಲೆ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದವು.

ಇಂಗ್ಲೆಂಡಿನ ಡರ್ಬಿಯ ಆ ಪಬ್ಬಿನಲ್ಲಿ ಕೂತವರಿಗೆಲ್ಲ ಆ ಬ್ಲೂಸ್ ಶೋಕಗೀತೆ ಗೊತ್ತು. ಮೊದಲು ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದು. ಹಾಡಿದವರೆಲ್ಲ ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಸೇರಿಸುತ್ತ ಅದನ್ನು ಇಲ್ಲಿಯವರೆಗೆ ತಂದಿದ್ದರು. “ಇವತ್ತ ಅಪ್ಪನ ಹೆಸರು ಹಾಡ್ತೀನಿ. ಅಳಬ್ಯಾಡವ್ವಾ, ಪ್ಲೀಸ್,” ಎಂದು ತಾಯಿ ನೀಲಮ್ಮನಿಗೆ ಹೇಳಿಯೇ ಅವಳು ವೇದಿಕೆ ಹತ್ತಿದ್ದಳು.

ವೇದಿಕೆಯ ಎದುರು ಕೂತಿದ್ದ ನೀಲಮ್ಮ ಎದ್ದು ನಿಂತರು. ಗಂಡನ ಹೆಸರನ್ನು ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿದವರಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗಲೂ ಮಗಳಿಂದಲೇ ಹೇಳಿಸಿದ್ದರು. ಈಗ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಗಿಟಾರು ಆ ಜಾಗಕ್ಕೆ ಬರುವುದನ್ನೇ ಕಾದು ಹಾಡಿದರು:

“ವೀರಭದ್ರಪ್ಪಾ...”