ಬಳೆಗೆ ಸುತ್ತಿದ ಕರವಸ್ತ್ರ

ಅಮರ್ಜಾ ಡ್ಯಾಮಿನ ಹಿನ್ನೀರಿಗೆ ಸೂರ್ಯಕಾಂತ ಹೆಂಡತಿಯನ್ನು ಕರೆತಂದದ್ದು ಇದೇ ಮೊದಲು. ರವಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಒಬ್ಬನೇ ಹೊರಡುತ್ತಿದ್ದ. ಗೌರಾಬಾಯಿ "ನಾನೂ ಬರ್ತೇನ್ರಿ" ಅಂದಾಗಲೆಲ್ಲ, "ನಿನ್ನ ಕೈಬಳಿ ಸಪ್ಪಳಕ್ಕ ಒಂದು ಹಕ್ಕೀನೂ ನಿಲ್ಲಂಗಿಲ್ಲ ಬೇ" ಎಂದು ತಳ್ಳಿಹಾಕುತ್ತಿದ್ದ. ಬಳೆ ತೆಗೆದಿಡು ಎನ್ನುವ ಮಾತು ಅವನ ಬಾಯಿಂದಲೂ ಬರುವಂಥದ್ದಲ್ಲ, ಅವಳ ಕಿವಿಗೂ ಹೋಗುವಂಥದ್ದಲ್ಲ. ಗಂಡ ಗಟ್ಟಿಮುಟ್ಟಾಗಿ ಎದುರಿಗಿರುವಾಗ ಕೈ ಬರಿದು ಮಾಡಿಕೊಳ್ಳುವವರುಂಟೆ?

ಇವತ್ತು ಅವಳು ಉಪಾಯ ಹೂಡಿ ಬಂದಿದ್ದಳು. ಎರಡೂ ಕೈಯ ಹಸಿರು ಬಳೆಗಳ ಮೇಲೆ ಗಂಡನ ಕರವಸ್ತ್ರಗಳನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದಳು. ನಾಳೆ ಅವಳು ಸೊಲ್ಲಾಪುರದ ದವಾಖಾನೆಗೆ ಭರ್ತಿಯಾಗಬೇಕು, ಹೃದಯದ ಆಪರೇಷನ್. ಅಲ್ಲಿ ಬಳೆ ಹೇಗೂ ತೆಗೆಸುತ್ತಾರೆ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಿರಲಿಲ್ಲ.

ದಂಡೆಯ ಜಾಲಿಮರದ ಮರೆಯಲ್ಲಿ ಕುಳಿತರು. ತಲೆಯ ಮೇಲೆ ಕರಿಪಟ್ಟೆ ಇರುವ ಹೆಬ್ಬಾತುಗಳ ಹಿಂಡು ಕಡಲೆ ಹೊಲ ಮೇದು ಬಂದು, ನೀರಂಚಿನಲ್ಲಿ ತೂಕಡಿಸುತ್ತ ನಿಂತಿತ್ತು.

"ಇವೇ ಏನ್ರಿ ನನ್ನ ಸವತ್ಯಾರು?" ಗೌರಾಬಾಯಿ ಪಿಸುಗುಟ್ಟಿದಳು. ಸೂರ್ಯಕಾಂತನಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನೀರಿಗೆ ಬೆನ್ನು ಮಾಡಿ ನೆಟ್ಟಗೆ ಕುಳಿತಳು. "ಮನಿ ತುಂಬ ಈ ಸವತ್ಯಾರ ಫೋಟೊನೇ ಅವ. ನಂದೊಂದು ಛಲೋದು ತೆಗೀರಿ. ಒಬ್ಬಾಕೀದೇ. ಹ್ಯಾಂಗರ ಆದ್ರ ಗ್ವಾಡಿಗಿ ಒಂದು ಬೇಕಲ್ಲ."

ಅವರ ಮನೆಯ ಗೋಡೆಯಲ್ಲಿ ಒಬ್ಬೊಬ್ಬರೇ ಇರುವ ಫೋಟೊಗಳೆಲ್ಲ ಹಾರ ಹಾಕಿಸಿಕೊಂಡವೇ. ಆದರೂ ಸೂರ್ಯಕಾಂತ ಕ್ಯಾಮೆರಾ ಎತ್ತಿದ. ಅವಳು ತುಟಿ ಬಿಗಿದು, ಆಗಲೇ ಆ ಸಾಲಿಗೆ ಸೇರಿದವಳ ಹಾಗೆ ಕುಳಿತಿದ್ದಳು. ಹಾರುವ ಹಕ್ಕಿಯನ್ನು ಹಿಡಿಯುವ ಕೈ ಗುಂಡಿ ಒತ್ತಲಿಲ್ಲ. ಇವಳಿಲ್ಲದ ಮನೆಯಲ್ಲಿ ಇಷ್ಟೊಂದು ಹಕ್ಕಿ ಇಟ್ಟುಕೊಂಡು ಏನು ಮಾಡಲಿ ಅನ್ನಿಸಿತು.

"ತೆಗೀರಿ ಮತ್ತ."

"ತಡಿ ಬೇ." ಕ್ಯಾಮೆರಾ ಕೊರಳಿಗೆ ಇಳಿಬಿಟ್ಟು ಬಂದು, ಅವಳ ಕೈಗಳ ಗಂಟು ಬಿಚ್ಚತೊಡಗಿದ.

"ಅಯ್ಯ, ಹಕ್ಕಿ ಹಾರಿ ಹೋಗ್ತಾವ್ರಿ!"

"ಹೋಗ್ಲಿ."

ಎರಡೂ ಕೈ ಹಿಡಿದು ಜೋರಾಗಿ ಅಲ್ಲಾಡಿಸಿ, ಹಿಂದಕ್ಕೆ ಸರಿದ. ಬಳೆ ಘಲ್ಲೆನ್ನುತ್ತಲೇ ಇಡೀ ಹಿಂಡು ಒಮ್ಮೆಗೇ ಎದ್ದಿತು. ನೆತ್ತಿಯ ಮೇಲೆಯೇ ರೆಕ್ಕೆ ಬಡಿಯುತ್ತ ಹಾಯ್ದ ಹಕ್ಕಿಗಳನ್ನು ಕಂಡು, ಗೌರಾಬಾಯಿ ಸೆರಗು ಜಾರಿದ್ದೂ ಮರೆತು ಬಾಯಿ ತುಂಬ ನಕ್ಕಳು. ಅವನು ಒತ್ತಿಬಿಟ್ಟ.

ಕ್ಯಾಮೆರಾದಲ್ಲಿ ಇಣುಕಿ ನೋಡಿ ಅವಳು ಹಣೆ ಬಡಿದುಕೊಂಡಳು. "ಇದೇನ್ರಿ, ಹಲ್ಲೆಲ್ಲ ಕಾಣಾಕತ್ತಾವ! ಇಂಥಾ ಫೋಟೊಕ್ಕ ಯಾರರ ಹಾರ ಹಾಕ್ತಾರೇನ್ರಿ?"

"ಹಾಕಂಗಿಲ್ಲ." ಸೂರ್ಯಕಾಂತ ಅದೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. "ಛಲೋದು ಬೇಕಂದ್ರ ದವಾಖಾನಿಂದ ವಾಪಸ್ ಬಾ. ತೆಗೀತೇನಿ."